ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನ ಮೊದಲ ಸೆಮಿಸ್ಟರ್: ಹಾಜರಿ, ರೆಕಾರ್ಡು, ಮೆಸ್ಸು, ದಿನನಿತ್ಯದ ಸಂಗತಿಗಳು

ಕಾರಿಡಾರ್ ನೋಟ (ಅಂತಿಮ ವರ್ಷ, ಇ ಅಂಡ್ ಸಿ)

ಸೀಟು ಸಿಗುವವರೆಗೆ ಎಲ್ಲರೂ ವಿಚಾರಿಸುವುದು ಕಟ್‌ಆಫ್ ಮತ್ತು ಪ್ಲೇಸ್‌ಮೆಂಟ್. ಒಳಗೆ ಬಂದ ಮೇಲೆ ಕಾರಿಡಾರಿನಲ್ಲಿ, ಝೆರಾಕ್ಸ್ ಅಂಗಡಿ ಮುಂದೆ, ಕ್ಯಾಂಟೀನಿನ ಕ್ಯೂನಲ್ಲಿ ಕಿವಿಗೆ ಬೀಳುವ ಮಾತೇ ಬೇರೆ. "ನಿಂದು ಎಷ್ಟು ಪರ್ಸೆಂಟ್ ಇದೆ?" "ರೆಕಾರ್ಡ್ ಸೈನ್ ಆಯ್ತಾ?" "ಇವತ್ತು ಮೆಸ್ಸಲ್ಲಿ ಏನು?" ಕ್ಯಾಂಪಸ್ಸಿನ ದಿನ ಸುತ್ತುವುದು ಈ ಮೂರು ಪ್ರಶ್ನೆಗಳ ಸುತ್ತ. ಗೊತ್ತಿರುವವರು ಒಬ್ಬೊಬ್ಬರು ಒಂದೊಂದರ ಬಗ್ಗೆ ಬರೆಯಿರಿ. ನಾನು ಹಾಜರಿಯಿಂದ ಶುರು ಮಾಡುತ್ತೇನೆ.

ವಿಟಿಯು ನಿಯಮದಲ್ಲಿ ಪ್ರತಿ ವಿಷಯಕ್ಕೂ 85% ಹಾಜರಿ ಬೇಕು. ಒಟ್ಟಾರೆ ಸರಾಸರಿಯಲ್ಲ, ವಿಷಯವಾರು. ಗಣಿತದಲ್ಲಿ 96% ಇದ್ದು ರಸಾಯನಶಾಸ್ತ್ರದಲ್ಲಿ 80% ಇದ್ದರೆ ಗಣಿತದ ಹೆಚ್ಚಳ ರಸಾಯನಶಾಸ್ತ್ರದ ಉಪಯೋಗಕ್ಕೆ ಬರುವುದಿಲ್ಲ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 40 ತರಗತಿ ನಡೆದರೆ 34ಕ್ಕೆ ಕೂತಿರಲೇಬೇಕು, ಅಂದರೆ ತಪ್ಪಿಸಿಕೊಳ್ಳಬಹುದಾದದ್ದು 6. ಈ ಆರನ್ನು ಹೊಸಬರು ಮೊದಲ ತಿಂಗಳಲ್ಲೇ ಊರು, ಮದುವೆ, ಮಾಸ್ ಬಂಕ್ ಅಂತ ಮುಗಿಸಿಬಿಡುತ್ತಾರೆ. ಆಮೇಲೆ ಜ್ವರ ಬಂದರೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ನಡುವೆ ಒಂದು ಲೆಕ್ಕ ಹಾಕಿಕೊಳ್ಳಿ. 26 ತರಗತಿ ಮುಗಿದಿವೆ, ನೀವು ಬಂದಿರುವುದು 20 ಅಂದುಕೊಳ್ಳಿ. ಪೋರ್ಟಲ್‌ನಲ್ಲಿ 76.9% ಅಂತ ಕೆಂಪಗೆ ತೋರಿಸುತ್ತದೆ. ಇನ್ನುಳಿದ 14ಕ್ಕೂ ತಪ್ಪದೆ ಬಂದರೆ 40ಕ್ಕೆ 34, ಸರಿಯಾಗಿ 85%. ಅದೇ 26ಕ್ಕೆ 19 ಇದ್ದರೆ ಮುಂದೆ ಒಂದೂ ಬಿಡದೆ ಕೂತರೂ 33, ಅಂದರೆ 82.5%. ಒಂದೇ ಒಂದು ತರಗತಿಯ ವ್ಯತ್ಯಾಸ. ಹಾಗಾಗಿ "ಈಗ ಎಷ್ಟಿದೆ" ಅಂತ ನೋಡುವುದಕ್ಕಿಂತ "ಇನ್ನೆಷ್ಟು ತರಗತಿ ಬಾಕಿ ಇದೆ" ಅಂತ ನೋಡುವುದು ಮುಖ್ಯ. ಬಾಕಿ ತರಗತಿಗಳ ಸಂಖ್ಯೆ ಕ್ಯಾಲೆಂಡರ್ ಆಫ್ ಈವೆಂಟ್ಸ್ ಮತ್ತು ಟೈಂಟೇಬಲ್ ಎರಡನ್ನೂ ಇಟ್ಟುಕೊಂಡರೆ ಗೊತ್ತಾಗುತ್ತದೆ. ಸೋಮವಾರ, ಶುಕ್ರವಾರ ಬೀಳುವ ವಿಷಯಗಳಿಗೆ ರಜೆಯಿಂದಾಗಿ ತರಗತಿ ಕಡಿಮೆಯಾಗುತ್ತವೆ. ತರಗತಿ ಕಡಿಮೆಯಾದಷ್ಟೂ ತಪ್ಪಿಸಿಕೊಂಡ ಒಂದೊಂದೂ ಹೆಚ್ಚು ತೂಗುತ್ತದೆ.

ಹೊಸಬಳು ಸಿ ಸೈಕಲ್

ಲ್ಯಾಬಿಗೂ ಇದೇ ಲೆಕ್ಕವಾ ಅಣ್ಣ? ನಮಗೆ ವಾರಕ್ಕೆ ಒಂದೇ ಲ್ಯಾಬ್ ಇದೆ.

ಕಾರಿಡಾರ್ ನೋಟ

ಇದೇ ಲೆಕ್ಕ, ಆದರೆ ಅಪಾಯ ಅಲ್ಲೇ ಜಾಸ್ತಿ. ಸೆಮಿಸ್ಟರಿಗೆ 14 ಲ್ಯಾಬ್ ನಡೆದು ಎರಡು ತಪ್ಪಿದರೆ 12/14, 85.7%, ಪಾರು. ಒಂದು ಲ್ಯಾಬ್ ಸರ್ಕಾರಿ ರಜೆಯ ದಿನ ಬಿದ್ದು 13 ಮಾತ್ರ ನಡೆದರೆ 11/13, 84.6%. ಅದೇ ಎರಡು ಗೈರು, ಈಗ ಶಾರ್ಟೇಜ್ (ಹಾಜರಿ ಕೊರತೆ) ಪಟ್ಟಿಯಲ್ಲಿ ಹೆಸರು. ಲ್ಯಾಬ್ ತಪ್ಪಿದರೆ ಅದೇ ವಾರ ಬೇರೆ ಬ್ಯಾಚಿನ ಜೊತೆ ಮಾಡಲು ಬಿಡುತ್ತಾರಾ ಅಂತ ಕೇಳು. ಬೇಗ ಕೇಳಿದರೆ ಹೆಚ್ಚಿನ ಕಡೆ ಬಿಡುತ್ತಾರೆ. ಕೊನೆಯ ವಾರ ಕೇಳಿದರೆ ಸೆಟಪ್ ಬಿಚ್ಚಿ ಒಳಗಿಟ್ಟಿರುತ್ತಾರೆ.

ಭೌತಶಾಸ್ತ್ರ ಮೇಡಂ

ಲ್ಯಾಬಿನ ಮಾತು ಬಂದಿದ್ದರಿಂದ ರೆಕಾರ್ಡಿನ ಬಗ್ಗೆ ಬರೆಯುತ್ತೇನೆ, ಅಂಕ ಸುಮ್ಮನೆ ಹೋಗುವುದು ಅಲ್ಲಿ. 2022ರ ಸ್ಕೀಮಿನಲ್ಲಿ (ಆ ವರ್ಷದ ಪಠ್ಯಕ್ರಮದಲ್ಲಿ) ಪ್ರತ್ಯೇಕ ಲ್ಯಾಬ್ ಕೋರ್ಸಿಗೆ 50 ಸಿಐಇ ಅಂಕ, ಅಂದರೆ ಕಾಲೇಜಿನಲ್ಲೇ ಕೊಡುವ ಆಂತರಿಕ ಅಂಕ. ಅದರಲ್ಲಿ 30 ವಾರವಾರದ ಪ್ರಯೋಗ ಮತ್ತು ರೆಕಾರ್ಡಿಗೆ, 20 ಮಾತ್ರ ಟೆಸ್ಟಿಗೆ. ಅಂದರೆ ಅರ್ಧಕ್ಕಿಂತ ಹೆಚ್ಚು ಅಂಕ ಸೆಮಿಸ್ಟರ್ ನಡೆಯುತ್ತಿರುವಾಗಲೇ ನಿರ್ಧಾರವಾಗುತ್ತದೆ.

ಎರಡು ಪುಸ್ತಕ ಇರುತ್ತವೆ. ಅಬ್ಸರ್ವೇಶನ್ ಪುಸ್ತಕದಲ್ಲಿ ಲ್ಯಾಬಿನಲ್ಲೇ ರೀಡಿಂಗ್ ಬರೆದು, ಹೊರಡುವ ಮುಂಚೆ ಸಹಿ ಹಾಕಿಸಬೇಕು. ಮುಂದಿನ ವಾರದೊಳಗೆ ಅದನ್ನು ರೆಕಾರ್ಡಿಗೆ ಇಳಿಸಬೇಕು: ಬಲಪುಟದಲ್ಲಿ ಪೆನ್ನಿನಲ್ಲಿ ಉದ್ದೇಶ, ಸಲಕರಣೆ, ಸೂತ್ರ, ವಿಧಾನ, ಫಲಿತಾಂಶ, ಎಡದ ಖಾಲಿ ಪುಟದಲ್ಲಿ ಪೆನ್ಸಿಲಿನಲ್ಲಿ ಚಿತ್ರ, ಕೋಷ್ಟಕ, ಲೆಕ್ಕ. ಸೂಚಿಪುಟದಲ್ಲಿ ಪ್ರಯೋಗ ಮಾಡಿದ ದಿನಾಂಕ ಮತ್ತು ಒಪ್ಪಿಸಿದ ದಿನಾಂಕ ಎರಡೂ ಇರುತ್ತವೆ. ಅವುಗಳ ನಡುವೆ ಮೂರು ವಾರದ ಅಂತರ ಕಂಡರೆ ಒಳಗಿನ ಪುಟ ಎಷ್ಟು ಚೆಂದ ಇದ್ದರೂ ಅಂಕ ಇಳಿಯುತ್ತದೆ.

ಈಗ ಒಂದು ಪ್ರಯೋಗ ತೆಗೆದುಕೊಳ್ಳಿ, ಎಲ್‌ಸಿಆರ್ ಸರಣಿ ಅನುರಣನ: ಕಾಯಿಲ್, ಕೆಪಾಸಿಟರ್, ರೋಧ ಮೂರನ್ನೂ ಸಾಲಾಗಿ ಜೋಡಿಸಿ, ಯಾವ ಆವರ್ತನದಲ್ಲಿ ಕರೆಂಟು ಅತಿ ಹೆಚ್ಚು ಎಂದು ಹುಡುಕುವುದು. 100 ಮಿಲಿಹೆನ್ರಿ ಕಾಯಿಲ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಅನುರಣನ ಆವರ್ತನ ಸುಮಾರು 1,592 ಹರ್ಟ್ಸ್. ಹೆಚ್ಚಿನ ವಿದ್ಯಾರ್ಥಿಗಳು 500ರಿಂದ 3,000ದವರೆಗೆ 200ರ ಹೆಜ್ಜೆಯಲ್ಲಿ ಓದುತ್ತಾರೆ. 1,500 ಆದ ಮೇಲೆ 1,700ಕ್ಕೆ ಹಾರುವುದರಿಂದ ಶಿಖರವೇ ಕೈತಪ್ಪಿ, ರೇಖೆಯ ತಲೆ ಮೊಂಡಾಗುತ್ತದೆ. ಬ್ಯಾಂಡ್‌ವಿಡ್ತ್ (ಶಿಖರದ ಅಗಲ) ಹೆಚ್ಚಾಗಿ ಬಂದು ಕ್ವಾಲಿಟಿ ಫ್ಯಾಕ್ಟರ್ (ಶಿಖರದ ಚೂಪು) ಕುಸಿಯುತ್ತದೆ. ಲ್ಯಾಬಿಗೆ ಬರುವ ಮುಂಚೆ ಆವರ್ತನವನ್ನು ಲೆಕ್ಕ ಹಾಕಿಕೊಂಡು ಬನ್ನಿ. 1,400ರವರೆಗೆ 200ರ ಹೆಜ್ಜೆ, 1,400ರಿಂದ 1,800ರವರೆಗೆ 50ರ ಹೆಜ್ಜೆ, ಆಮೇಲೆ ಮತ್ತೆ 200. ಇನ್ನೊಂದು ವಿಷಯ: ಅನುರಣನದ ಹತ್ತಿರ ಮಂಡಲ ಹೆಚ್ಚು ಕರೆಂಟು ಎಳೆಯುವುದರಿಂದ ಸಿಗ್ನಲ್ ಜನರೇಟರಿನ ಔಟ್‌ಪುಟ್ ವೋಲ್ಟೇಜ್ ಇಳಿಯುತ್ತದೆ. ಪ್ರತಿ ರೀಡಿಂಗಿಗೂ ಅದನ್ನು ಮೊದಲಿನ ಮಟ್ಟಕ್ಕೆ ತಂದುಕೊಂಡು ಓದಬೇಕು.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತಪ್ಪದೆ ಬರುವ ಪ್ರಶ್ನೆ: ರೋಧ ಹೆಚ್ಚಿಸಿದರೆ ಏನಾಗುತ್ತದೆ? ಶಿಖರ ತಗ್ಗುತ್ತದೆ, ರೇಖೆ ಅಗಲವಾಗುತ್ತದೆ, ಅನುರಣನ ಆವರ್ತನ ಮಾತ್ರ ಅಲ್ಲೇ ಇರುತ್ತದೆ. ನಿಮ್ಮ ಬ್ಯಾಂಡ್‌ವಿಡ್ತ್ ಸೂತ್ರದ ಬೆಲೆಗಿಂತ ಯಾಕೆ ಜಾಸ್ತಿ ಬಂತು ಎಂದು ಕೇಳಿದರೆ, ಕಾಯಿಲಿನ ತಂತಿಗೂ ತನ್ನದೇ ರೋಧ ಇದೆ ಅನ್ನುವುದು ಉತ್ತರ. ಪಕ್ಕದವರ ರೀಡಿಂಗ್ ನೋಡಿ ಬರೆದವರಿಗೆ ಈ ಎರಡನೆಯ ಉತ್ತರ ಹೊಳೆಯುವುದಿಲ್ಲ, ಕೇಳಿದವರಿಗೆ ಅದು ತಕ್ಷಣ ತಿಳಿಯುತ್ತದೆ.

ಮೆಸ್ ಕಮಿಟಿ ಹಳಬ

ಮೂರನೆಯ ಪ್ರಶ್ನೆಗೆ ನಾನು ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಹಾಸ್ಟೆಲಿನ ಅರ್ಧ ಜಗಳ ಲೆಕ್ಕ ಅರ್ಥವಾಗದೆ ಹುಟ್ಟುವಂಥದ್ದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಡಿವೈಡಿಂಗ್ ಮೆಸ್ ಅಂದರೆ ತಿಂಗಳ ಒಟ್ಟು ಖರ್ಚನ್ನು ಒಟ್ಟು ಊಟದ ದಿನಗಳಿಂದ ಭಾಗಿಸುವುದು. ಉದಾಹರಣೆಗೆ 120 ಜನ, 30 ದಿನ, 3,600 ದಿನ. ಊರಿಗೆ ಹೋದವರ ರಿಡಕ್ಷನ್ 360 ದಿನ ಕಳೆದರೆ 3,240. ಖರ್ಚು 2,91,600 ಆಗಿದ್ದರೆ ದಿನಕ್ಕೆ 90 ರೂಪಾಯಿ. 27 ದಿನ ಉಂಡವರಿಗೆ 2,430. ಬಿಲ್ಲು ಜಾಸ್ತಿ ಬಂತು ಅನ್ನುವವರು ಮೊದಲು ನೋಟೀಸ್ ಬೋರ್ಡಿನಲ್ಲಿ ಈ ಮೂರು ಅಂಕಿ ಇವೆಯಾ ನೋಡಲಿ: ಒಟ್ಟು ಖರ್ಚು, ಒಟ್ಟು ದಿನ, ದಿನದ ದರ. ಇಲ್ಲದಿದ್ದರೆ ಕೇಳಿ ಹಾಕಿಸಬೇಕು.

ಅಡುಗೆಯ ಅಳತೆ ಗೊತ್ತಿದ್ದರೆ ಖರ್ಚು ಸರಿಯೋ ತಪ್ಪೋ ಹೇಳಬಹುದು. 100 ಜನಕ್ಕೆ ಒಂದು ಹೊತ್ತಿನ ಅನ್ನಕ್ಕೆ 12ರಿಂದ 13 ಕೆಜಿ ಅಕ್ಕಿ, ಸಾಂಬಾರಿಗೆ 2.5 ಕೆಜಿ ತೊಗರಿಬೇಳೆ, 6–7 ಕೆಜಿ ತರಕಾರಿ. ಉಪ್ಪಿಟ್ಟಿಗೆ 6ರಿಂದ 7 ಕೆಜಿ ರವೆ. ತಲೆಗೆ ನಾಲ್ಕರಂತೆ 400 ಇಡ್ಲಿಗೆ 5 ಕೆಜಿ ಇಡ್ಲಿರವೆ, 2.5 ಕೆಜಿ ಉದ್ದಿನಬೇಳೆ. ಮುದ್ದೆಯ ದಿನ ತಲೆಗೆ 100 ಗ್ರಾಂ ರಾಗಿಹಿಟ್ಟು. ಚಹಾಕ್ಕೆ 5 ಲೀಟರ್ ಹಾಲು, 5 ಲೀಟರ್ ನೀರು, ಕಾಲು ಕೆಜಿ ಪುಡಿ, ಒಂದು ಕೆಜಿ ಸಕ್ಕರೆ.

ಎಣ್ಣೆಯ ಮೇಲೆ ಕಣ್ಣಿಡಿ. ತಲೆಗೆ ದಿನಕ್ಕೆ 25ರಿಂದ 30 ಗ್ರಾಂ ಅಂದರೆ 100 ಜನಕ್ಕೆ ತಿಂಗಳಿಗೆ 75ರಿಂದ 90 ಕೆಜಿ, 15 ಕೆಜಿ ಡಬ್ಬಗಳು ಐದಾರು. ಬಿಲ್ಲಿನಲ್ಲಿ ಒಂಬತ್ತು ಡಬ್ಬ ಕಂಡರೆ ಸ್ಟಾಕ್ ರಿಜಿಸ್ಟರ್ ತೆಗೆಸಿ. ಹಿಂದಿನ ಉಳಿಕೆಗೆ ಹೊಸ ಖರೀದಿ ಕೂಡಿ, ಅಡುಗೆಮನೆಗೆ ಕೊಟ್ಟಿದ್ದನ್ನು ಕಳೆದರೆ ಬರುವ ಉಳಿಕೆಯೂ, ಉಗ್ರಾಣದಲ್ಲಿ ತೂಗಿ ನೋಡಿದ ಉಳಿಕೆಯೂ ಒಂದೇ ಇರಬೇಕು. ತಿಂಗಳ ಕೊನೆಯ ದಿನ ಕಮಿಟಿಯ ಇಬ್ಬರು ನಿಂತು ತೂಗಿಸಿದರೆ ಸಾಕು. ಈ ಒಂದು ಕೆಲಸ ನಡೆಯುವ ಮೆಸ್ಸಿನಲ್ಲಿ ದರದ ಬಗ್ಗೆ ಗಲಾಟೆ ಕಡಿಮೆ.

ಸಾಂಬಾರು ನೀರಾಗುವುದಕ್ಕೆ ಅಡುಗೆಯವರನ್ನು ಬೈಯುವುದು ರೂಢಿ. ಸಾಮಾನ್ಯವಾಗಿ ಕಾರಣ ಬೇರೆ ಇರುತ್ತದೆ. 100 ಜನಕ್ಕೆ ಬೇಳೆ ಬೇಯಿಸಿರುತ್ತಾರೆ, ಹೇಳದೆ ಕೇಳದೆ 15 ಗೆಳೆಯರು ಜೊತೆಗೆ ಬಂದಿರುತ್ತಾರೆ. ಕೊನೆಯ 30 ಜನಕ್ಕೆ ಸಾಲದೆ ಬಿಸಿನೀರು ಸುರಿಯುತ್ತಾರೆ. ಮಧ್ಯಾಹ್ನದ ಅತಿಥಿಗೆ ಬೆಳಿಗ್ಗೆ 10ರೊಳಗೆ ಗೆಸ್ಟ್ ಟೋಕನ್ ತೆಗೆದುಕೊಳ್ಳಬೇಕು ಅನ್ನುವ ನಿಯಮ ಬಿಗಿಯಾದರೆ ಇದು ನಿಲ್ಲುತ್ತದೆ. ಶುಕ್ರವಾರ ರಾತ್ರಿ ಇದಕ್ಕೆ ತದ್ವಿರುದ್ಧ. ಊರಿಗೆ ಹೊರಟವರು ಹೇಳಿರುವುದಿಲ್ಲ, ಅನ್ನ ಮಿಕ್ಕಿ ಶನಿವಾರ ಬೆಳಿಗ್ಗೆ ಚಿತ್ರಾನ್ನವಾಗಿ ಬರುತ್ತದೆ. ಮಿಕ್ಕಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟಿದ್ದರೆ ಚಿಂತೆಯಿಲ್ಲ. ರಾತ್ರಿಯಿಡೀ ದೊಡ್ಡ ಪಾತ್ರೆಯಲ್ಲೇ ಬಿಟ್ಟಿದ್ದರೆ ತಿನ್ನಬೇಡಿ: ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಆಗ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಒಗ್ಗರಣೆ ಹಾಕಿದರೂ ಹೋಗುವುದಿಲ್ಲ. ಹಸಿ ಕಾಯಿಚಟ್ನಿಯೂ ಹಾಗೇ. ಬೆಳಿಗ್ಗೆ 6ಕ್ಕೆ ಅರೆದದ್ದನ್ನು ಬೇಸಿಗೆಯಲ್ಲಿ ಹತ್ತೂವರೆಗೆ ಬಡಿಸುವುದು ಬೇಡ. ಎರಡು ಸಲ ಅರೆಯಲು ಹೇಳಿ.

ಧಾರವಾಡ ಕಡೆಯಾಂವ

ಹಳಬ ಸರ, ನಿಮ್ಮ ಲೆಕ್ಕದಾಗ ರೊಟ್ಟಿ ಇಲ್ಲಲ್ರಿ. ನಮ್ಮ ಕಡೆ ಹಾಸ್ಟೆಲಿನ್ಯಾಗ ರೊಟ್ಟಿ ಇಲ್ಲಂದ್ರ ಊಟನ ಅಲ್ಲ. ಒಂದು ಕೆಜಿ ಜ್ವಾಳದ ಹಿಟ್ಟಿಗೆ ತೆಳ್ಳಗ ಬಡಿದ್ರ 20 ರೊಟ್ಟಿ ಬರ್ತಾವ. ಒಬ್ಬರಿಗೆ ಮೂರು ಹಿಡಿದ್ರ 100 ಮಂದಿಗೆ 300 ರೊಟ್ಟಿ, 15 ಕೆಜಿ ಹಿಟ್ಟು. ಅಷ್ಟು ಬಡಿಯಾಕ ಮೆಸ್ಸಿನ್ಯಾಗ ಮಂದಿ ಸಾಲಂಗಿಲ್ಲ. ಅದಕ್ಕ ಭಾಳ ಕಡೆ ಹೊರಗ ರೊಟ್ಟಿ ಮಾಡೋ ಹೆಣ್ಣುಮಕ್ಕಳ ಹತ್ರ ಖಡಕ್ ರೊಟ್ಟಿ ತರಸ್ತಾರ. ಖಡಕ್ ರೊಟ್ಟಿ ಥಂಡಿ ಹತ್ತದಂಗ ಇಟ್ರ ವಾರಗಟ್ಟಲೆ ಇರ್ತದ. ಮಳಿಗಾಲದಾಗ ಮೆತ್ತಗಾಗಿ ಬೂಸ್ಟ ಹಿಡೀತದ, ಆವಾಗ ಎರಡು-ಮೂರು ದಿನಕ್ಕೊಮ್ಮೆ ತರಸೋದು ಛಲೋ. ಜೊತಿಗೆ ಶೇಂಗಾ ಚಟ್ನಿ, ಮೊಸರು ಇದ್ರ ಪಲ್ಯ ಕಡಿಮಿ ಬಿದ್ರೂ ಯಾರೂ ತಕರಾರು ಮಾಡಂಗಿಲ್ಲ.

ವಾರ್ಡನ್ ಕಚೇರಿ

ಹಳಬರ ಲೆಕ್ಕ ಸರಿ. ಆದರೆ ರಿಡಕ್ಷನ್ ಬಗ್ಗೆ ಒಂದು ಮಾತು ಸೇರಿಸಬೇಕು. "ಒಂದು ದಿನ ಉಣ್ಣದಿದ್ದರೂ ದುಡ್ಡು ಕಡಿಯಿರಿ" ಎಂದು ಪ್ರತಿ ವರ್ಷ ಬೇಡಿಕೆ ಬರುತ್ತದೆ. ಮೇಲಿನ ಉದಾಹರಣೆಯ 2,91,600ರಲ್ಲಿ ಅಡುಗೆಯವರ ಸಂಬಳ, ಗ್ಯಾಸು, ಕರೆಂಟು ಸೇರಿ 1,08,000 ಅಂದುಕೊಳ್ಳಿ. ಜನ ಕಡಿಮೆಯಾದರೂ ಈ ಭಾಗ ಹೆಚ್ಚುಕಡಿಮೆ ಹಾಗೇ ಇರುತ್ತದೆ. ರಿಡಕ್ಷನ್ ಸಡಿಲವಾಗಿ ಊಟದ ದಿನ 3,240ರಿಂದ 2,700ಕ್ಕೆ ಇಳಿದರೆ ದಿನದ ದರ 90ರಿಂದ ಸುಮಾರು 97ಕ್ಕೆ ಏರುತ್ತದೆ. ಹೆಚ್ಚುವರಿ ಹೊರೆ ಬೀಳುವುದು ಊರು ದೂರ ಇರುವವರ ಮೇಲೆ. ಬೀದರ್‌ನಿಂದ ಬಂದು ಮೈಸೂರಿನಲ್ಲಿ ಓದುವವರು ಪ್ರತಿ ಶನಿವಾರ ಮನೆಗೆ ಹೋಗಲಾರರು. ಅದಕ್ಕೇ ಸತತ ಮೂರು ದಿನ, ಎರಡು ದಿನ ಮುಂಚೆ ಅರ್ಜಿ ಎಂಬಂಥ ಷರತ್ತುಗಳಿರುವುದು.

ಮೆಸ್ ಕಮಿಟಿ ಹಳಬ

ಒಪ್ಪುತ್ತೇನೆ. ಆದರೆ ಸಂಬಳ, ಗ್ಯಾಸಿನ ಭಾಗವನ್ನು ಬೇರೆ ಮಾಡಿ ಎಲ್ಲರಿಗೂ ಸಮನಾಗಿ ಹಂಚಿ, ದಿನಸಿಯ ಭಾಗವನ್ನಷ್ಟೇ ದಿನಲೆಕ್ಕದಲ್ಲಿ ಭಾಗಿಸಿದರೆ ಎರಡೂ ಕಡೆಯವರಿಗೂ ನ್ಯಾಯ. ಇಲ್ಲಿ ತಲೆಗೆ 900 ರೂಪಾಯಿ ಸ್ಥಿರ, ದಿನಸಿ ದಿನಕ್ಕೆ 57ರ ಹತ್ತಿರ. ಆಗ ಒಬ್ಬರ ರಜೆ ಇನ್ನೊಬ್ಬರ ಬಿಲ್ಲಿಗೆ ತಾಗುವುದಿಲ್ಲ. ಸೆಮಿಸ್ಟರಿನ ಮೊದಲ ಸಭೆಯಲ್ಲಿ ಇದನ್ನು ಠರಾವು ಮಾಡಿಸಿ, ನಡುವೆ ಬದಲಿಸಬೇಡಿ.

ಸಿಆರ್ (ತರಗತಿ ಪ್ರತಿನಿಧಿ) ಎರಡನೇ ವರ್ಷ

ಇಂಟರ್ನಲ್ಸ್ ಬಗ್ಗೆ ಚುಟುಕಾಗಿ. ಬ್ಲೂ ಬುಕ್ (ಇಂಟರ್ನಲ್ಸ್ ಉತ್ತರ ಬರೆಯುವ ಪುಸ್ತಕ) ವಾಪಸ್ ಕೊಟ್ಟ ದಿನವೇ ಅಂಕ ಕೂಡಿ ನೋಡಿ, ಪೋರ್ಟಲ್‌ನಲ್ಲಿ ಏರಿಸಿದ್ದರ ಜೊತೆ ತಾಳೆ ಮಾಡಿ. ಸಹಿ ಹಾಕಿ ಹಿಂದಿರುಗಿಸಿದ ಮೇಲೆ ತಿದ್ದಿಸುವುದು ಕಷ್ಟ. ಸೀನಿಯರ್ ನೋಟ್ಸ್ ಝೆರಾಕ್ಸ್ ಮಾಡಿಸುವವರು ಮೊದಲು ಸ್ಕೀಮ್ ವರ್ಷ ನೋಡಿ. ವಿಷಯದ ಹೆಸರು ಅದೇ ಇದ್ದರೂ ಮಾಡ್ಯೂಲ್ (ಪಾಠದ ಘಟಕ) ಬದಲಾಗಿರುತ್ತದೆ. ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ಸೀಟ್ ನಂಬರು) ಬರುವುದು ತಡವಾಗುತ್ತದೆ, ಅಲ್ಲಿಯವರೆಗೆ ತಾತ್ಕಾಲಿಕ ರೋಲ್ ನಂಬರು. ಬಂದ ಮೇಲೆ ಅದರಲ್ಲಿ ಎಲ್ಲ ಇರುತ್ತದೆ: ಮೊದಲ ಅಂಕಿ ಪ್ರಾಂತ್ಯ (1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು), ಆಮೇಲೆ ಕಾಲೇಜು, ಸೇರಿದ ವರ್ಷ, ಬ್ರಾಂಚು, ಕ್ರಮಸಂಖ್ಯೆ.

ಭೌತಶಾಸ್ತ್ರ ಮೇಡಂ

ಸೆಮಿಸ್ಟರ್ ಕೊನೆಯ ಪರೀಕ್ಷೆಯ (ಎಸ್‌ಇಇ) ಲೆಕ್ಕವನ್ನೂ ಹೇಳಿಬಿಡುತ್ತೇನೆ. ಥಿಯರಿ ವಿಷಯಕ್ಕೆ ಸಿಐಇ 50, ಎಸ್‌ಇಇ 50. ಸಿಐಇಯಲ್ಲಿ ಕನಿಷ್ಠ 20, ಎಸ್‌ಇಇಯಲ್ಲಿ ಕನಿಷ್ಠ 18, ಎರಡೂ ಸೇರಿ 40. ಈ ಮೂರನೆಯ ಷರತ್ತನ್ನು ಮರೆಯುತ್ತಾರೆ. ಸಿಐಇಯಲ್ಲಿ ಬರೀ 20 ಇಟ್ಟುಕೊಂಡವರಿಗೆ ಎಸ್‌ಇಇಯಲ್ಲಿ 18 ಸಾಲದು, 20 ಬೇಕು. ಇಂಟರ್ನಲ್ಸ್‌ನಲ್ಲಿ 22 ದಾಟಿಸಿಕೊಂಡರೆ ಆ ಒತ್ತಡ ಇರುವುದಿಲ್ಲ.

ಪ್ರಶ್ನೆಪತ್ರಿಕೆ 100 ಅಂಕಕ್ಕೆ, 3 ಗಂಟೆ. ಬಂದ ಅಂಕವನ್ನು ಆಮೇಲೆ 50ಕ್ಕೆ ಇಳಿಸುತ್ತಾರೆ. ಐದು ಮಾಡ್ಯೂಲ್, ಒಂದೊಂದರಿಂದ 20 ಅಂಕದ ಎರಡು ಪ್ರಶ್ನೆ, ಯಾವುದಾದರೂ ಒಂದನ್ನು ಪೂರ್ತಿ ಬರೆಯಬೇಕು. 1ರ ಎ ಭಾಗ, 2ರ ಬಿ ಭಾಗ ಅಂತ ಬೆರಕೆ ಮಾಡುವಂತಿಲ್ಲ. ಒಂದು ಪ್ರಶ್ನೆಗೆ 33 ನಿಮಿಷ ಇಟ್ಟುಕೊಂಡರೆ ಕೊನೆಗೆ 15 ನಿಮಿಷ ಉಳಿಯುತ್ತದೆ. ಚೆನ್ನಾಗಿ ಬರುವ ಮೊದಲ ಎರಡಕ್ಕೇ ಒಂದೂವರೆ ಗಂಟೆ ಕೊಟ್ಟು, ಐದನೆಯದನ್ನು ಖಾಲಿ ಬಿಟ್ಟ ಉತ್ತರಪತ್ರಿಕೆಗಳು ಪ್ರತಿ ಸಲ ಸಿಗುತ್ತವೆ. ನೋಡಿದಾಗ ಬೇಸರವಾಗುತ್ತದೆ, ಆ ಮಕ್ಕಳಿಗೆ ವಿಷಯ ಬರುತ್ತಿರುತ್ತದೆ.

ಹೊಸಬಳು ಸಿ ಸೈಕಲ್

ಮೇಡಂ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬರೆಯುವ ಇಂಗ್ಲಿಷೇ ತೊಡಕು. ಏನು ಮಾಡಬಹುದು?

ಭೌತಶಾಸ್ತ್ರ ಮೇಡಂ

ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್‌ನಲ್ಲಿ ಅಂಕ ಸಿಗುವುದು ವಾಕ್ಯದ ಅಂದಕ್ಕಲ್ಲಮ್ಮ. ಚಿತ್ರಕ್ಕೆ, ಸೂತ್ರಕ್ಕೆ, ಹಂತಗಳಿಗೆ, ಮೂಲಮಾನಕ್ಕೆ ಬೇರೆ ಬೇರೆ ಅಂಕ ಹಂಚಿರುತ್ತಾರೆ. ಆರೇಳು ಪದದ ಸಣ್ಣ ವಾಕ್ಯ ಸಾಕು, ಒಂದು ಸಾಲಿಗೆ ಒಂದು ಸಂಗತಿ. ಚಿತ್ರ ಮೊದಲು ಬರೆದು, ಭಾಗಗಳಿಗೆ ಹೆಸರು ಕೊಟ್ಟು, ಆ ಹೆಸರುಗಳ ಕ್ರಮದಲ್ಲೇ ವಿವರಣೆ ಬರೆದುಕೊಂಡು ಹೋಗು. ಪ್ರತಿ ಮಾಡ್ಯೂಲಿಗೆ ಹತ್ತು ವ್ಯಾಖ್ಯೆಗಳನ್ನು ನೋಡದೆ ಬರೆಯುವಷ್ಟು ಅಭ್ಯಾಸ ಮಾಡು. ತರಗತಿಯಲ್ಲಿ ಅನುಮಾನ ಬಂದರೆ ಕನ್ನಡದಲ್ಲೇ ಕೇಳು, ವೈವಾದಲ್ಲೂ ಕನ್ನಡದಲ್ಲಿ ವಿವರಿಸಲು ಅನುಮತಿ ಕೇಳಬಹುದು. ಅರ್ಥವಾಗಿದೆಯೋ ಇಲ್ಲವೋ ಅನ್ನುವುದನ್ನೇ ನಾವು ನೋಡುವುದು. ಸಾಂಸ್ಕೃತಿಕ ಕನ್ನಡ ಒಂದು ಕ್ರೆಡಿಟ್ಟಿನ ವಿಷಯ ಎಂದು ಹಗುರವಾಗಿ ಬಿಡಬೇಡ. ನಿನಗೆ ಸುಲಭವಾಗಿ ಒಳ್ಳೆ ಗ್ರೇಡ್ ಬರುವ ಕಡೆ ಬಿಡುವುದೇಕೆ? ಹೊರರಾಜ್ಯದ ಗೆಳತಿಯರು ಬಳಕೆ ಕನ್ನಡ ಓದುತ್ತಿರುತ್ತಾರೆ. ಅವರಿಗೆ ನೀನು ಕನ್ನಡ ಮಾತಾಡಿಸು, ಅವರ ಜೊತೆ ನೀನು ಇಂಗ್ಲಿಷ್ ಆಡು. ಇಬ್ಬರಿಗೂ ಅನುಕೂಲ.

ಕನ್ನಡ ಸಂಘ

ನವೆಂಬರ್ ಹತ್ತಿರ ಬಂದಾಗ ಕೇಳುವವರು ಇದ್ದೇ ಇರುತ್ತಾರೆ, ಈಗಲೇ ಬರೆದಿಡುತ್ತೇನೆ. ರಾಜ್ಯೋತ್ಸವಕ್ಕೆ ಮೂರು ವಾರ ಮುಂಚೆ ಪ್ರಾಂಶುಪಾಲರ ಒಪ್ಪಿಗೆ ಪತ್ರ. ಮೈಕು, ಮೆರವಣಿಗೆ ಇದ್ದರೆ ಅದರ ಪ್ರತಿಯೊಂದಿಗೆ ಸ್ಥಳೀಯ ಪೊಲೀಸ್ ಠಾಣೆಯ ಅನುಮತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ, ಹಾಗಾಗಿ ಕೊನೆಯ ಕಾರ್ಯಕ್ರಮ ಒಂಬತ್ತೂವರೆಗೆ ಮುಗಿಯುವಂತೆ ಪಟ್ಟಿ ಮಾಡಿ. ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ. ನೂರಾರು ಕಡ್ಡಿಬಾವುಟ ಅಂಟಿಸುವ ಗಡಿಬಿಡಿಯಲ್ಲಿ ಕೆಲವು ತಲೆಕೆಳಗಾಗಿರುತ್ತವೆ, ಹಂಚುವ ಮುಂಚೆ ಒಬ್ಬರು ಕೂತು ನೋಡಲಿ. ನಾಡಗೀತೆಗೆ ಸರ್ಕಾರ 2022ರಲ್ಲಿ ಗೊತ್ತುಮಾಡಿದ 2 ನಿಮಿಷ 30 ಸೆಕೆಂಡಿನ ಧಾಟಿ ಇದೆ. ಹಾಡುವವರಿಗೆ ಅದನ್ನೇ ಅಭ್ಯಾಸ ಮಾಡಿಸಿ. ವೇದಿಕೆ ಕೆಲಸಕ್ಕೆ ನಿಂತ ಸ್ವಯಂಸೇವಕರ ಓಡಿ (ಆನ್ ಡ್ಯೂಟಿ, ಕಾಲೇಜಿನ ಕೆಲಸಕ್ಕೆ ಗೈರಾದವರ) ಪಟ್ಟಿಯನ್ನು ಕಾರ್ಯಕ್ರಮದ ಮುಂಚೆಯೇ ಯುಎಸ್‌ಎನ್ ಸಮೇತ ವಿಭಾಗ ಮುಖ್ಯಸ್ಥರಿಗೆ ಕೊಡಿ. ಹೆಸರು ಮಾತ್ರ ಇದ್ದ ಪಟ್ಟಿಯಿಂದ ಹಾಜರಿ ಏರುವುದಿಲ್ಲ, ದುಡಿದವರೇ ಶಾರ್ಟೇಜ್‌ನಲ್ಲಿ ಸಿಕ್ಕಿಬೀಳುತ್ತಾರೆ.

ವಾರ್ಡನ್ ಕಚೇರಿ

ಎರಡು ಮಾಹಿತಿ, ಎಲ್ಲ ಹೊಸಬರಿಗೂ. ರ‍್ಯಾಗಿಂಗ್ ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಪ್ರಕಾರ ಅಪರಾಧ. ರಾಷ್ಟ್ರೀಯ ಸಹಾಯವಾಣಿ 1800-180-5522. "ಪರಿಚಯ ಮಾಡಿಕೊಳ್ಳೋಣ ಬಾ" ಎಂದು ರಾತ್ರಿ ಕೋಣೆಗೆ ಕರೆದರೆ ಹೋಗಬೇಕಾಗಿಲ್ಲ, ವಾರ್ಡನ್‌ಗೆ ತಿಳಿಸಿ.

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನ ಮಂಜೂರಾಗಿಯೂ ಹಣ ಬರದಿದ್ದರೆ ಮೊದಲು ಬ್ಯಾಂಕಿಗೆ ಹೋಗಿ. ಖಾತೆಗೆ ಆಧಾರ್ ಜೋಡಿಸಿರುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕು ಎಂಬ ಗುರುತು) ಆಗಿರುವುದು ಬೇರೆ. ಹಣ ಬರುವುದು ಎರಡನೆಯದನ್ನು ನೋಡಿ. ಹಾಸ್ಟೆಲಿಗೆ ಬಂದ ಮೇಲೆ ಹೊಸ ಖಾತೆ ತೆರೆದು ಅದಕ್ಕೆ ಮ್ಯಾಪಿಂಗ್ ಮಾಡಿಸಿದ್ದರೆ ಹಣ ಅಲ್ಲಿಗೆ ಹೋಗಿರುತ್ತದೆ, ಊರಿನ ಪಾಸ್‌ಬುಕ್ಕಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಂಕಪಟ್ಟಿಯ ಹೆಸರು, ಆಧಾರ್ ಹೆಸರು, ಇನಿಶಿಯಲ್ ಸಮೇತ ಒಂದೇ ಇರಲಿ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯ (ಅವುಗಳ ಮೇಲೆ ಅಚ್ಚಾಗಿರುವ ಸಂಖ್ಯೆ) ಅವಧಿ ಮುಗಿದಿದೆಯಾ ಎಂದು ಅರ್ಜಿ ತೆರೆಯುವ ಮುಂಚೆಯೇ ನೋಡಿಕೊಳ್ಳಿ.

ಹೊಸಬಳು ಸಿ ಸೈಕಲ್

ಎಲ್ಲರಿಗೂ ಧನ್ಯವಾದಗಳು. ಕೊನೆಯದಾಗಿ ಒಂದು ಕೇಳಲಾ? ನಿಜವಾಗಿಯೂ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಹಾಜರಿ ಕಥೆ ಏನು?

ಕಾರಿಡಾರ್ ನೋಟ

85ಕ್ಕೂ 75ಕ್ಕೂ ನಡುವಿನ ಕೊರತೆಯನ್ನು ಸಕಾರಣ ಇದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ವಿಶ್ವವಿದ್ಯಾಲಯ ಮನ್ನಿಸಬಹುದು. ಅದು ತಾನಾಗಿ ಸಿಗುವ ವಿನಾಯಿತಿ ಅಲ್ಲ, ಕೇಳಿ ಪಡೆಯಬೇಕು. ದಾಖಲಾದ ದಿನವೇ ಪ್ರೊಕ್ಟರ್‌ಗೆ (ನಿನ್ನನ್ನು ನೋಡಿಕೊಳ್ಳುವ ಅಧ್ಯಾಪಕರಿಗೆ) ಫೋನ್ ಅಥವಾ ಇಮೇಲ್ ಹೋಗಲಿ, ಅಮ್ಮ ಅಪ್ಪ ಮಾಡಿದರೂ ಆಗುತ್ತದೆ. ಡಿಸ್ಚಾರ್ಜ್ ಸಮರಿ, ಔಷಧದ ಬಿಲ್ಲು, ಫಿಟ್‌ನೆಸ್ ಸರ್ಟಿಫಿಕೇಟ್ ಮೂರರ ಪ್ರತಿಯನ್ನೂ ಕಾಲೇಜಿಗೆ ಮರಳಿದ ಮೊದಲ ದಿನವೇ ಕೊಟ್ಟು, ನಿನ್ನ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೋ. ಸೆಮಿಸ್ಟರಿನ ಕೊನೆಗೆ ಶಾರ್ಟೇಜ್ ಪಟ್ಟಿ ಅಂಟಿಸಿದ ಮೇಲೆ ತಂದ ಹಳೇ ತಾರೀಖಿನ ಸರ್ಟಿಫಿಕೇಟನ್ನು ಯಾರೂ ನಂಬುವುದಿಲ್ಲ, ಕಾಯಿಲೆ ನಿಜವಾಗಿದ್ದರೂ ಕೂಡ. ತಪ್ಪಿದ ಲ್ಯಾಬುಗಳ ಪಟ್ಟಿಯನ್ನೂ ಅದೇ ದಿನ ಮೇಡಂ ಹತ್ತಿರ ತೆಗೆದುಕೊಂಡು ಹೋಗು.